ಕಟ್ಟು

ತಿಂಗಳ ಕೊನೆ ಅಂದರೆ ನಮಗೆ ಮೂರನೇ ತಾರೀಖು.
ಸಂಬಳ ಏಳಕ್ಕೆ.
ನಡುವೆ ನಾಲ್ಕು ದಿನ, ಐದು ಬಾಯಿ,
ಸಾಸಿವೆ ಡಬ್ಬಿಯ ತಳದಲ್ಲಿ ನೂರಾ ಎಂಬತ್ತು ರೂಪಾಯಿ.
ಬಾಡಿಗೆ ಕಟ್ಟು, ಚೀಟಿ ಕಟ್ಟು, ಸ್ಕೂಲ್ ವ್ಯಾನಿಗೆ ಕಟ್ಟು
ಅಂತ ಕಟ್ಟಿ ಕಟ್ಟಿ ಉಳಿದದ್ದು.

ಸೊಪ್ಪಿಗೆ ಹೊತ್ತು ನೋಡಿ ಹೋಗಬೇಕು.
ಲಗ್ಗೆರೆ ಬ್ರಿಡ್ಜಿನ ಕೆಳಗೆ ಮುನಿಲಕ್ಷ್ಮಮ್ಮ
ಎಂಟಕ್ಕೆ ಹೋದರೆ ಕಟ್ಟಿಗೆ ಹದಿನೈದು ಅನ್ನುತ್ತಾಳೆ,
ಗೋಣಿ ಕೊಡವುವ ಹೊತ್ತಿಗೆ ಇಪ್ಪತ್ತಕ್ಕೆ ಮೂರು.
ಇನ್ನೊಂದು ಗಳಿಗೆ ತಡವಾದರೆ
ಅವಳೂ ಇಲ್ಲ, ಸೊಪ್ಪೂ ಇಲ್ಲ,
ಬಾಯಾಡಿಸುತ್ತ ನಿಂತ ಒಂದು ಹಸು.

ಹಾಗೆ ತಂದ ದಂಟಿನ ಸೊಪ್ಪು ಅದು.
ಮಾರನೇ ದಿನ ಸಂಜೆ ಓವರ್‌ಟೈಮು ಹಾಕಿದರು.
ಫ್ಯಾಕ್ಟರಿ ನಲ್ಲಿಯ ಹತ್ತಿರ ನಿಂತು, ಸೂಪರ್‌ವೈಸರ್ ಕಣ್ಣು ತಪ್ಪಿಸಿ
ಫೋನಲ್ಲಿ ಸಿಂಧುಗೆ ಹೇಳಿದೆ:
ಹಲಸಂದೆ ಕಾಳು ನೆನೆದಿದೆ, ಮೊದಲು ಅದನ್ನ ಹಾಕು,
ಮುಕ್ಕಾಲು ಬೆಂದ ಮೇಲೆ ಸೊಪ್ಪು, ಆಮೇಲೆ ಉಪ್ಪು,
ಬಸಿದಿಡು. ಮಿಕ್ಕಿದ್ದು ನಾನು ಬಂದು ನೋಡ್ಕೋತೀನಿ.

ಬಸಿದಿಡು ಅಂದೆ.
ಯಾವುದನ್ನ ಇಡು ಅಂತ ಹೇಳಲಿಲ್ಲ.

ಹೊಸಿಲಲ್ಲೇ ಮೂಗಿಗೆ ಗೊತ್ತಾಯಿತು,
ಹದವಾಗಿ ಬೆಂದಿದೆ, ತಳ ಹಿಡಿದಿಲ್ಲ.
ತೂತಿನ ಬೋಸಿಯಲ್ಲಿ ಕಾಳೂ ಸೊಪ್ಪೂ ಹಬೆಯಾಡುತ್ತಿದ್ದವು.
ಬೋಸಿಯ ಕೆಳಗೆ ಪಾತ್ರೆ ಇರಲಿಲ್ಲ.
ಸಿಂಕಿತ್ತು.
"ನೀರೆಲ್ಲ ಚೆಲ್ಲಿದೀನಮ್ಮ, ಒಂದು ತೊಟ್ಟೂ ಇಲ್ಲ"
ಅಂದಳು, ಹನ್ನೊಂದು ವರ್ಷದ ಹೆಮ್ಮೆಯಲ್ಲಿ.

ಮೋರಿಯ ತೂತಿಗೆ ಒಂದೇ ಒಂದು ಕಾಳು ಅಂಟಿಕೊಂಡಿತ್ತು.
ಮಣ್ಣು ಘಮಿಸುವ ಆ ಕಂದು ನೀರು
ಇಷ್ಟು ಹೊತ್ತಿಗೆ ರಾಜಕಾಲುವೆ ಹಿಡಿದು
ವೃಷಭಾವತಿಗೆ ಬಿದ್ದು
ಕೆಂಗೇರಿ ಕಡೆ ಹೊರಟಿರಬೇಕು,
ನಮ್ಮ ಮನೆಯ ಸಾರು.
ಹೋಗಲಿ, ಆ ಹೊಳೆಗೂ ಒಂದು ಹೊತ್ತು ರುಚಿ ಸಿಕ್ಕಲಿ.
(ಇದು ಈಗ ಹೊಳೆದ ಮಾತು. ಆಗ ಕೈ ಎತ್ತಿದ್ದೆ.)

ಅತ್ತೆ ಹೊಂಬಾಳಮ್ಮ ಗೋಡೆಗೊರಗಿ
ಬೆಳ್ಳುಳ್ಳಿ ಸುಲಿಯುತ್ತಿದ್ದವರು ತಲೆ ಎತ್ತಲೇ ಇಲ್ಲ.
"ಕಾಳು ಇದೆಯಲ್ಲ, ಅರ್ಧ ರುಬ್ಬು" ಅಂದರು.
ಎತ್ತಿದ ಕೈ ಹಾಗೇ ಮಿಕ್ಸಿ ಜಾರಿಗೆ ಹೋಯಿತು.

ಅರ್ಧ ಈರುಳ್ಳಿ ಒಲೆಯ ಉರಿಗೇ ಹಿಡಿದು ಸುಟ್ಟೆ,
ಎಣ್ಣೆ ಉಳಿಯಿತು.
ಒಂಬತ್ತು ಮೆಣಸು, ಎಣಿಸಿ.
ದೇವರ ಮುಂದಿನ ಕಾಯಿ ಹೋಳಲ್ಲಿ ಉಗುರಿನಷ್ಟು,
ಹುಣಸೆಹಣ್ಣು ಪೊಟ್ಟಣದ ಕಾಗದಕ್ಕೆ ಅಂಟಿದ್ದೂ ಸೇರಿಸಿ.
ನಲ್ಲಿ ನೀರಲ್ಲಿ ಕದಡಿ ಕುದಿಯಲು ಇಟ್ಟು
ಸಿಲಿಂಡರ್ ಅಲ್ಲಾಡಿಸಿ ನೋಡಿದೆ.
ಒಳಗೆ ಯಾರೋ ಗಂಟಲು ಸರಿಮಾಡಿಕೊಂಡಂತೆ ಸದ್ದು.
ಇನ್ನೂ ಇದೆ.

ಹತ್ತಕ್ಕೆ ಗೂಡ್ಸ್ ಆಟೋ ನಿಲ್ಲಿಸಿ ಇವರು ಬಂದರು.
ಮುದ್ದೆ ಮುರಿದು ಅದ್ದಿ ನುಂಗಿದವರು
ಕೈ ಹಾಗೇ ಹಿಡಿದು ನನ್ನ ನೋಡಿದರು:
"ಏನಿವತ್ತು ಸಾರು ಇಷ್ಟು ಗಟ್ಟಿ! ಸಂಬಳ ಬಂತಾ?"
ಸಿಂಧು ತಟ್ಟೆಯೊಳಗೆ ತಲೆ ಹುದುಗಿಸಿದಳು.
ಚೇತು ಮೂರನೇ ಸಲ ಬಡಿಸಿಕೊಂಡು
ಬೆರಳು ಐದೂ ನೆಕ್ಕಿದ.
ನಾಳೆ ಡಬ್ಬಿಯ ಪಲ್ಯ
ಇವತ್ತಿನ ಸಾರಲ್ಲಿ ಕರಗಿದ್ದು
ನನಗೂ ಅತ್ತೆಗೂ ಮಾತ್ರ ಗೊತ್ತು.

ದೀಪ ಆರಿಸಿದ ಮೇಲೆ, ಕತ್ತಲಲ್ಲಿ:
"ಅಮ್ಮ, ಆ ನೀರಿಗೂ ಹೆಸರಿದೆಯಾ?"
"ಇದೆ. ಕಟ್ಟು."
"ನನಗ್ಯಾರು ಹೇಳಿದ್ರು?"
ಹೌದು, ಯಾರೂ ಹೇಳಿರಲಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ,
ಒಲೆಯ ಮುಂದೆ ಕೂತು ನೋಡಿದ್ದೆ.
ಅವಳ ಪಕ್ಕ ಒಲೆಯ ಮುಂದೆ ನಿಲ್ಲಲು
ನನಗೆ ಭಾನುವಾರ ಒಂದೇ ಇರುವುದು,
ಅದೂ ಆರ್ಡರ್ ಇಲ್ಲದಿದ್ದರೆ.

ಬೆಳಿಗ್ಗೆ ಎದ್ದು ನೋಡಿದರೆ ಕಟ್ಟೆಯ ಮೇಲೆ
ಸಾಲಾಗಿ ಮೂರು ಲೋಟ, ಮೂರಕ್ಕೂ ಮುಚ್ಚಳ.
ಅಕ್ಕಿ ತೊಳೆದ ನೀರು, ಅನ್ನದ ಗಂಜಿ,
ಚೇತುಗೆ ಮೊಟ್ಟೆ ಬೇಯಿಸಿದ ನೀರು.
ಜಡೆಗೆ ರಿಬ್ಬನ್ ಸುತ್ತುತ್ತ ಸಿಂಧು ಅಂದಳು:
"ಇದ್ರಲ್ಲಿ ಯಾವ್ದು ಬೇಕೋ ನೀನೇ ನೋಡ್ಕೋ.
ನಾನಂತೂ ಏನೂ ಚೆಲ್ಲಲ್ಲ."