ನಾಲ್ಕಡಿಯ ಬೆಟ್ಟ

ಕೌಲ್ ಬಜಾರಿನ ಹಿಂದಿನ ಕೋಣೆಯಲ್ಲಿ
ಎನ್‌ಲಾರ್ಜರಿನ ಕತ್ತು ಅಡ್ಡ ತಿರುಗಿಸಿ
ಗೋಡೆಗೆ ಬೆಳಕು ಬಿಡುತ್ತಿದ್ದರು ದಸ್ತಗೀರ್ ಸಾಬ್.
ಗೋಡೆಗೆ ಗುಂಡುಸೂಜಿ ಚುಚ್ಚಿದ ಕಾಗದ,
ಕಾಗದದ ಮೇಲೆ ಕರಿ ಆಕಾಶ, ಬಿಳಿ ಬಂಡೆ,
ಬಳ್ಳಾರಿಯ ಬೆಟ್ಟ ಒಳಹೊರಗಾಗಿ.
ನನ್ನ ಕೆಲಸ ಉಸಿರು ಹಿಡಿಯುವುದು.

ನಾಲ್ಕು ನಿಮಿಷ ಬೆಳಕು ಬೀಳಬೇಕು.
ಅಷ್ಟರಲ್ಲಿ ಅದಿರಿನ ಲಾರಿಯೊಂದು ಹಾದರೆ
ನೆಲ ನಡುಗಿ ಬೆಟ್ಟಕ್ಕೆ ಎರಡೆರಡು ಅಂಚು.
ಅದಕ್ಕೇ ರಾತ್ರಿ ಎರಡು ಗಂಟೆ.
ಅದಕ್ಕೇ ಬಾಗಿಲಿಗೆ ಕಂಬಳಿ,
ಕಂಬಳಿಯ ಒಳಗೆ ಏಪ್ರಿಲ್ ತಿಂಗಳು.

ಡೆವಲಪರಿಗೆ ಇಪ್ಪತ್ತು ಡಿಗ್ರಿ ಎಂದು
ಡಬ್ಬಿಯ ಮೇಲೆ ಬರೆದವನು ಬಳ್ಳಾರಿ ಕಂಡವನಲ್ಲ.
ಸೈಕಲ್ ಕ್ಯಾರಿಯರಿಗೆ ಹೊಟ್ಟು ಮೆತ್ತಿದ ಐಸು ಕಟ್ಟಿ ತರುತ್ತಿದ್ದೆ,
ಮುಕ್ಕಾಲು ನಮಗೆ, ಕಾಲು ರಸ್ತೆಗೆ.
ತಗಡು ಬಗ್ಗಿಸಿ ಮಾಡಿಸಿದ ತೊಟ್ಟಿಯಲ್ಲಿ
ಇಬ್ಬರೂ ತುದಿ ಹಿಡಿದು, ಸೀರೆ ಜಾಲಿಸುವ ಹಾಗೆ ಜಾಲಿಸಿದರೆ
ಕೆಂಪು ಬಲ್ಬಿನಡಿ ಎಲ್ಲಕ್ಕಿಂತ ಮೊದಲು ಬರುತ್ತಿದ್ದದ್ದು
ಬಂಡೆಯಲ್ಲ, ಬಂಡೆಯ ಬಿರುಕು.
ನಳದ ನೀರು ಎಂಟು ದಿನಕ್ಕೊಮ್ಮೆ.
ತೊಳೆಯುವ ದಿನ ನೋಡಿಯೇ ಪ್ರಿಂಟಿನ ದಿನ.

ಒಣಗಿದ ಮೇಲೆ ಬ್ಲೇಡು.
ಆಕಾಶದಲ್ಲಿ, ತುದಿಯಿಂದ ತುಸು ಎಡಕ್ಕೆ, ಒಂದು ಕರಿ ಚುಕ್ಕೆ.
"ಫಿಲ್ಮಿಗೆ ಧೂಳು ಕುಂತಿತ್ತು, ಕೆರಿಯಪ, ಮೆಲ್ಲಕ."
ಅರ್ಧ ಬ್ಲೇಡಿನ ಮೂಲೆಯಿಂದ ಕೆರೆದೆ,
ಕಾಗದಕ್ಕೆ ಗೊತ್ತಾಗದ ಹಾಗೆ.
ಮುಂದಿನ ಪ್ರಿಂಟಿನಲ್ಲೂ ಕೆರೆದೆ.

ಆಮೇಲೆ ಲಾರಿಗಳಿಗೆ ಎರಡೂ ಇಲ್ಲ, ಮೂರೂ ಇಲ್ಲ.
ರಾತ್ರಿಯಿಡೀ ನೆಲಕ್ಕೆ ಚಳಿಜ್ವರ.
ಬಸ್ಸಿನ ಕಂಡಕ್ಟರ ಕೈಲಿ ನೆಗೆಟಿವ್ ಹೈದರಾಬಾದಿಗೆ ಹೋಗತೊಡಗಿತು.
ಮರಳಿದ ಬೆಟ್ಟ ತುಸು ನೀಲಿ.
ನೀಲಿ ಬೇಡ ಎಂದು ಚೀಟಿ ಬರೆದೆ, ಮುಂದಿನದು ಹಸಿರು.
ಆಮೇಲೆ ಫ್ಲೆಕ್ಸು, ಚದರಡಿಗೆ ಎಂಟು ರೂಪಾಯಿ.
ಹುಟ್ಟುಹಬ್ಬದ ಮುಖಗಳ ನಡುವೆ ಒಮ್ಮೆ ಬೆಟ್ಟವನ್ನೂ ಓಡಿಸಿದೆ.
ದಸ್ತಗೀರ್ ಸಾಬ್ ಬಂದು ಮೂಸಿದರು.
ನೋಡಲಿಲ್ಲ, ಮೂಸಿದರು.
ಎನ್‌ಲಾರ್ಜರನ್ನು ತೂಕಕ್ಕೆ ಹಾಕಿದ್ದು ಅದೇ ವಾರ.

ಮರುವರ್ಷ ಗಣಿ ನಿಂತವು.
ರಾತ್ರಿ ಎರಡಕ್ಕೆ ರಸ್ತೆ ಎಷ್ಟು ಅಲುಗದೆ ಮಲಗಿತ್ತೆಂದರೆ
ಎಂಟು ನಿಮಿಷವೂ ಕೊಡಬಹುದಿತ್ತು ಬೆಳಕು.

ಈಗ ಪ್ರಿಂಟರು ಇದೆ. ಎಸಿ ಅದಕ್ಕೆ, ನನಗಲ್ಲ.
ಪರದೆಯಲ್ಲಿ ಹೊಳೆದದ್ದು ಕಾಗದದಲ್ಲಿ ಮಸಿಬಟ್ಟೆ;
ಒಂಬತ್ತು ದುಬಾರಿ ಹಾಳೆ ಹಾಳಾದ ಮೇಲೆ ಬುದ್ಧಿ ಬಂತು.
ಮೊದಲು ಅಂಗೈಯಗಲದ್ದು ತೆಗೆಯುತ್ತೇನೆ,
ನೀರಿನ ಫಿಲ್ಟರಿನ ಪಕ್ಕ ಅಂಟಿಸಿ
ಹದಿನೈದು ದಿನ, ಲೋಟ ತುಂಬುವಾಗೆಲ್ಲ, ನೋಡುತ್ತೇನೆ.
ಬೇಸರ ಬಂದರೆ ಅದಕ್ಕೆ ದೊಡ್ಡದಾಗುವ ಯೋಗವಿಲ್ಲ.
ಬಾರದಿದ್ದರೆ ಬಂಡೆಯ ನೆರಳಿನದೊಂದು ಪಟ್ಟಿ,
ನಾಲ್ಕು ಬೆರಳಗಲ,
ಮಧ್ಯಾಹ್ನದ ಕಿಟಕಿಗೂ ಹಿಡಿದು, ಟ್ಯೂಬ್‌ಲೈಟಿಗೂ ಹಿಡಿದು
ಹೆಂಡತಿಗೆ ತೋರಿಸಿ ಬೈಸಿಕೊಂಡು
ಆಮೇಲೆ ನಾಲ್ಕಡಿ.

ಹೋದ ತಿಂಗಳು ಹಳೆಯ ನೆಗೆಟಿವನ್ನು ಸ್ಕ್ಯಾನರಿಗಿಟ್ಟು
ಹಿಗ್ಗಿಸುತ್ತ ಹೋದೆ.
ಒರೆಸೋಣವೆಂದು ಬಾಣದ ಗುರುತು ಒಯ್ದೆ ಚುಕ್ಕೆಯ ಮೇಲೆ.
ಚುಕ್ಕೆಗೆ ರೆಕ್ಕೆಯಿತ್ತು.
ತುದಿಯ ಗರಿಗಳು ಬಿಡಿಬಿಡಿ, ಬಾಲ ನಡುವೆ ತುಸು ಸೀಳಿ,
ಗಾಳಿಗೆ ಮೈ ಕೊಟ್ಟು ನಿಂತ ಹದ್ದು.

ಎಷ್ಟು ಸಲ ಕೆರೆದೆನೋ.
ಡಾಕ್ಟರ ಪಡಸಾಲೆಯಲ್ಲಿ, ಕಾಲೇಜಿನ ಲೈಬ್ರರಿಯಲ್ಲಿ,
ತೋರಣಗಲ್ಲಿನ ಗೆಸ್ಟ್ ಹೌಸಿನಲ್ಲಿ
ಓರೆ ಬೆಳಕಿಗೆ ಮಾತ್ರ ಕಾಣುವ ಒಂದೊಂದು ತರಚು.

ಹೊಸ ಪ್ರಿಂಟು ಸುರುಳಿ ಸುತ್ತಿ ಒಯ್ದೆ.
ಕಣ್ಣಿನ ಆಪರೇಷನ್ ಆಗಿ, ಹಸಿರು ಪಟ್ಟಿಯಡಿ ಮಂಚದ ಮೇಲೆ ಸಾಬರು.
ಹದ್ದಿನ ಸಂಗತಿ ಹೇಳಿದೆ.
"ಆವತ್ತು ಹದ್ದು ಇರಲಿಲ್ಲಪ. ನಾನಿದ್ದೆ."
ಅಂದರು. ಅನ್ನುತ್ತಲೇ ಉಗುರು
ಆಕಾಶದ ಮೇಲೆ, ತುದಿಯಿಂದ ತುಸು ಎಡಕ್ಕೆ ಹೋಗಿ
ತರಚು ಹುಡುಕುತ್ತಿತ್ತು.
"ಕೆರೆದಿಲ್ಲೇನು?"