ಮೂರೂವರೆ ಅಕ್ಷರದಷ್ಟು ಮೌನ

ಕುತೈಸಿಯ ಬ್ರೆಡ್ ಕಾರ್ಖಾನೆಯಲ್ಲಿ, ಎರಡನೇ ಒಲೆಯ ಬೆನ್ನಿಗೆ
ಒಂದು ಕಬ್ಬಿಣದ ಪೆಟ್ಟಿಗೆ. ಬಾಗಿಲು ತೆರೆದರೆ
ಒಳಮೈಯಲ್ಲಿ, ಪೆನ್ಸಿಲಿನ ದುಂಡಕ್ಷರದಲ್ಲಿ
ನುಗ್ಜಾರ್ ಬರೆದಿಟ್ಟ ಏಳು ಕಟ್ಟಳೆ.
ಹಿಟ್ಟಿನ ಧೂಳು ಕೂತೂ ಕೂತೂ
ಮೂರನೆಯದು ಅರ್ಧ ಅಳಿಸಿದೆ.
ನನಗದು ಬಾಯಿಪಾಠ.

ಕೇಳುವವರು ಒಬ್ಬರೇ. ಉಳಿದವರು
ಕರೆದಾಗ ಮಾತ್ರ ಓಗೊಡಬೇಕು.

ಇರುವುದು ಒಂದೇ ಜೋಡಿ ತಂತಿ,
ಅದಕ್ಕೆ ಜೋತುಬಿದ್ದವರು ಒಂಬತ್ತು ಮಂದಿ:
ನಾದುವ ಯಂತ್ರ, ತಕ್ಕಡಿ, ಹಬೆಯ ಕೋಣೆ,
ಮೂರು ಒಲೆ, ಎರಡು ಸಾಗುಪಟ್ಟಿ,
ಕೊನೆಯಲ್ಲಿ, ಯಾವಾಗಲೂ ಸಿಡುಕುವ, ಹೋಳು ಮಾಡುವ ಕತ್ತಿ.

ಒಬ್ಬರಿಗೊಂದು ಸಂಖ್ಯೆ. ಇಬ್ಬರಿಗೆ ಒಂದನ್ನೇ ಕೊಟ್ಟರೆ
ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಇಬ್ಬರ ಮಾತೂ ಹಾಳು.

ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ
ಮೂರೂವರೆ ಅಕ್ಷರದಷ್ಟು ಮೌನ.
(ನಾಲ್ಕೇ ಮಿಲಿಸೆಕೆಂಡು. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ
ಇಂಥ ಹತ್ತಾರು ಮೌನ ಆಗಿಹೋಗಿರುತ್ತವೆ.)

ಲೆಕ್ಕ ತಾಳೆಯಾಗದ ಉತ್ತರವನ್ನು ಎಸೆದುಬಿಡು.
ಹೀಗಿದ್ದೀತು ಎಂದು ಊಹಿಸಬೇಡ.

ಮೂರು ಸಲ ಕೇಳು. ಆಮೇಲೆ ಗಂಟೆ ಬಾರಿಸು.
ನಾಲ್ಕನೆಯದು ಬರೀ ಹಟ.

ತಂತಿಯ ಎರಡೂ ತುದಿಗೆ ನೂರಿಪ್ಪತ್ತು ಓಮ್ ಕಟ್ಟು.
ಇಲ್ಲವಾದರೆ ಆಡಿದ ಮಾತು ತುದಿಗೆ ಬಡಿದು
ಆಡಿದವರ ಮೇಲೆಯೇ ವಾಪಸು ಬೀಳುತ್ತದೆ.

ಏಳನೆಯದು ಮಾತ್ರ ಒತ್ತಿ ಬರೆದದ್ದು. ಬಣ್ಣ ಕಿತ್ತು ಕಬ್ಬಿಣ ಕಾಣುತ್ತದೆ:
ಹಳೆಯ ಉತ್ತರವನ್ನು ಹೊಸದೆಂದು ತೋರಿಸಬೇಡ.

ನಾನಾಗ ಇರಲಿಲ್ಲ. ಪೊಟ್ಟಣ ಕಟ್ಟುವ ತ್ಸಿಯಾಲಾ ಹೇಳಿದ್ದು.
ಫೆಬ್ರವರಿಯ ಒಂದು ರಾತ್ರಿ ಇಲಿಯೊಂದು ತಂತಿ ಕಡಿಯಿತಂತೆ.
ಪರದೆಯ ಮೇಲೆ ೨೨೦. ಹತ್ತು ನಿಮಿಷಕ್ಕೂ ೨೨೦.
ಮುಕ್ಕಾಲು ಗಂಟೆ ಕಳೆದರೂ ಅದೇ ೨೨೦, ಸತ್ತವರ ಗಡಿಯಾರದಂತೆ.
ಒಳಗೆ ಒಲೆ ತನ್ನ ಪಾಡಿಗೆ ತಾನು ಏರುತ್ತಲೇ ಇತ್ತು.
ಸಾವಿರದ ನೂರು ಬ್ರೆಡ್ಡು, ಸಾವಿರದ ನೂರು ಇದ್ದಿಲು.
ಬೀದಿಯ ಮೂರನೇ ತಿರುವಿನವರೆಗೂ ಹೊಗೆ,
ಯಾರೋ ಕೊಳವೆ ಹಿಡಿದು ನೀರು ಹಾಯಿಸಿದ್ದು,
ಬೆಳಗಾಗುವಾಗ ಹಿಟ್ಟು, ಮಸಿ, ನೀರು ಎಲ್ಲ ಸೇರಿ
ಮೊಣಕಾಲುದ್ದ ಅಂಬಲಿ.

ಹೋದ ಶರತ್ಕಾಲದಲ್ಲಿ ನುಗ್ಜಾರನ ಪ್ರೋಗ್ರಾಂ ಚೊಕ್ಕ ಮಾಡಲು ಕೂತೆ.
ನಾದುವ ಯಂತ್ರದ ಸರದಿ ಮುಗಿದೊಡನೆ ಒಂದು ಸಾಲು:
ಮುನ್ನೂರ ನಲವತ್ತು ಮಿಲಿಸೆಕೆಂಡು ಸುಮ್ಮನಿರು.
ಯಾಕೆ? ಬರೆದಿಲ್ಲ.
ಬೇರೆಲ್ಲ ಸಾಲಿಗೂ ಪಕ್ಕದಲ್ಲಿ ವಿವರ,
ಅಲ್ಪವಿರಾಮಕ್ಕೂ ಕಾರಣ ಕೊಡುವ ಮನುಷ್ಯ ಆತ.
ಅಳಿಸಿದೆ.
ಆ ರಾತ್ರಿಯೇ ತಕ್ಕಡಿ ತೊದಲಿತು.
ಮೂರು ಸಲ ಕೇಳಿದೆ. ಗಂಟೆ ಬಾರಿಸಿತು.
ಸಾಲನ್ನು ಇದ್ದಲ್ಲೇ ಇಟ್ಟೆ. ತಕ್ಕಡಿ ಸರಿಹೋಯಿತು.

ಭಾನುವಾರ ರಿಯೋನಿ ದಾಟಿ ಅವನ ಮನೆಗೆ ಹೋದೆ.
ನೆರೆಮನೆಯ ಬಟ್ಟೆ ಒಗೆಯುವ ಯಂತ್ರವನ್ನು
ಅಂಗಾತ ಮಲಗಿಸಿ ಬಿಚ್ಚುತ್ತಿದ್ದ.
“ಲಾಮ್ಜಿರಾ, ಆ ಸಾಲು ಮುಟ್ಟಿದೆಯಾ?” ಅಂದ, ನಾನು ಕೂರುವ ಮೊದಲೇ.

“ಆ ರಾತ್ರಿ ಕೊಳವೆ ಹಿಡಿದದ್ದು ನಾನೇ.
ಪೆಟ್ಟಿಗೆಗೂ ನೀರು ಹೋಯಿತು. ನಾದುವವಳ ಕಾರ್ಡು ನೆಂದಿತು.
ಸಾವಿರದ ನೂರು ಬ್ರೆಡ್ಡು ಸುಟ್ಟವನು
ಹೊಸ ಕಾರ್ಡಿಗೆ ದುಡ್ಡು ಯಾವ ಮುಖದಲ್ಲಿ ಕೇಳಲಿ?
ಒಲೆಯ ಮೇಲಿಟ್ಟು ಒಣಗಿಸಿ ಹಾಕಿದೆ.
ಅವತ್ತಿನಿಂದ ಅವಳಿಗೆ ಮಾತು ಮುಗಿದರೂ
ಬಾಯಿ ಮುಚ್ಚಲು ಹೊತ್ತು ಬೇಕು. ಅದಕ್ಕೇ ಕಾಯುವುದು.”

“ಬರೆದಿಡಬಹುದಿತ್ತಲ್ಲ?” ಅಂದೆ.

ಆತ ಒಂದು ತಿರುಪು ಹುಡುಕತೊಡಗಿದ.
ಯಂತ್ರದ ಅಡಿಗೆ, ಚಾಪೆಯ ಅಂಚಿಗೆ, ಜೇಬಿಗೆ ಕೈ ಹಾಕಿ.
ಅದು ಅವನ ಎಡಗೈಯಲ್ಲೇ ಇತ್ತು.
ನಾನು ಹೇಳಲಿಲ್ಲ.

ಸೋಮವಾರ, ನಾಲ್ಕರ ಪಾಳಿಗೆ ಮುಂಚೆ,
ಏಳರ ಕೆಳಗೆ ಧೂಳು ಒರೆಸಿ ಬರೆದೆ:
ಎಲ್ಲಿ ಕಾಯುತ್ತೀಯೋ ಅಲ್ಲಿ, ಯಾಕೆ ಎಂದು ಬರೆ.
ಆಮೇಲೆ ಪ್ರೋಗ್ರಾಮಿನ ಆ ಸಾಲಿನ ಪಕ್ಕಕ್ಕೆ:
ಕಾರ್ಡು ನಿಧಾನ.
ಇನ್ನೂ ಎರಡು ಪದ ಟೈಪು ಮಾಡಿ
ಒಂದೊಂದೇ ಅಕ್ಷರ ಅಳಿಸಿ
ಬಾಗಿಲು ಹಾಕಿದೆ.

ನಾದುವವಳು ಮೊದಲ ಸುತ್ತು ತಿರುಗಿದಳು.
ಎರಡನೇ ಒಲೆ: ೨೧೯. ೨೨೧. ೨೧೮.
ಅಂಕಿ ಅಲುಗುತ್ತಿದೆ.