ಎರಡು ಬೆರಳು ಆಟ

ಹಾಲು ಹೆಪ್ಪಾಗುವುದು ಗೊತ್ತಿತ್ತು,
ಹೆಗಲೂ ಹೆಪ್ಪುಗಟ್ಟುತ್ತದಂತೆ.
ಮೂವತ್ತೊಂದು ವರ್ಷ ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಗಡ್ಡೆಗಳ ಲೆಕ್ಕ ಬರೆದೆ,
ಅಲ್ಲಿಂದ ಮನೆಗೆ ಏನೂ ತರಲಿಲ್ಲ ಅಂದುಕೊಂಡಿದ್ದೆ.

ಗೊತ್ತಿದ್ದು ತಂದದ್ದು ಒಂದೇ, ಅಂಬಾಸಿಡರ್.
ಫ್ಯಾಕ್ಟರಿ ಮುಚ್ಚುವಾಗ ಧನಿಗಳು
ಬಾಕಿ ಪಗಾರದ ಬದಲು ಕೀಲಿ ಕೊಟ್ಟರು:
"ಎಪ್ಪತ್ತೊಂದರ ಮಾಡೆಲ್, ವತ್ಸಲಾಬಾಯಿ,
ದನದ ಹಾಗೆ ನೋಡ್ಕೊಳ್ಳಿ."
ದನಕ್ಕಾದರೆ ಕೊಂಬು ಹಿಡಿದರೆ ಕತ್ತು ತಿರುಗುತ್ತದೆ.

ಕೋಡಿಬಾಗದ ಬಸ್ತ್ಯಾಂವ
ಬಾನೆಟ್ಟಿನೊಳಗೆ ತಲೆಯಿಟ್ಟೇ ಮಾತಾಡುವವನು:
"ಕರೆಂಟಿನ ಸೆಟ್ಟು ಬಂದಿದೆ, ಹುಬ್ಬಳ್ಳಿ ಗುಜರಿಯದು.
ಕೂರಿಸಿದ್ರೆ ಕಿರುಬೆರಳಲ್ಲಿ ತಿರುಗ್ತದೆ ಬಾಯೀ,
ದೋಸೆಹಿಟ್ಟು ಕಲಸಿದ ಹಾಗೆ."
ದೋಸೆಹಿಟ್ಟು ಕಲಸಿದವನಲ್ಲ, ಗೊತ್ತಾಯಿತು.
"ಬೇಡ ಅಂದ್ರೆ ಗ್ರೀಸು ಬಳಿದು ಕೊಡ್ತೇನೆ.
ಎರಡು ಬೆರಳು ಆಟ ಇದೆ, ಅದನ್ನೂ ತೆಗೀತೇನೆ."

ಆಟ ತೆಗೆಯಬೇಡ ಅಂದೆ.
ಗಾಲಿಗೆ ಮಾತು ಮುಟ್ಟುವ ಮೊದಲು
ಕೈ ಸುಮ್ಮನೆ ಅತ್ತಿತ್ತ ಹೋಗಿಬರುವ ಆ ಎರಡು ಬೆರಳಗಲ,
ಅಷ್ಟರಲ್ಲೇ ನಾನು ಗಾಡಿ ಕಲಿತದ್ದು,
ಐವತ್ತೆರಡನೇ ವಯಸ್ಸಿಗೆ,
ಸಂಜೆ ಖಾಲಿ ಬಿದ್ದ ಜೆಟ್ಟಿಯ ಹಿಂದೆ.
ಕಲಿಸಿದವರು ಯಾರೂ ಇಲ್ಲ, ನಕ್ಕವರು ಏಳೆಂಟು ಜನ.

ನಗದೆ ಕೂತವನು ತಾಂಡೇಲ ಗಣಬಾ ಹರಿಕಂತ್ರ.
ಬಲೆಯ ತೂತು ಹೊಲಿಯುತ್ತಿದ್ದ, ತಲೆ ಎತ್ತಲಿಲ್ಲ:
"ನಿಂತ ದೋಣಿಗೆ ಚುಕ್ಕಾಣಿ ಇಲ್ಲ.
ಮೊದಲು ಹೋಗಲಿ, ಆಮೇಲೆ ತಿರುಗಿಸಿ."
ಒಂದು ಗೇಣು ಉರುಳಲು ಬಿಟ್ಟೆ.
ಕಲ್ಲಾಗಿದ್ದದ್ದು
ಬಾಗಿತು.

ಅಂದಿನಿಂದ ಬಿಣಗಾ ಘಾಟಿಯ ತಿರುವೆಲ್ಲ ಅಂಗೈಗೆ ಬಾಯಿಪಾಠ.
ಎಲ್ಲಿ ಡಾಂಬರಿನ ಮೇಲೆ ಮರಳು ಬಂದು ಕೂತಿದೆ,
ಎಲ್ಲಿ ಪೈಪಿಗೆಂದು ಅಗೆದು ಅರೆಬರೆ ಮುಚ್ಚಿದ್ದಾರೆ,
ಕಣ್ಣಿಗಿಂತ ಮೊದಲು ಕೈಗೆ ಸುದ್ದಿ.
ಮೋಟಾರು ನಡುವೆ ಕೂತರೆ ಆ ಸುದ್ದಿ ಬರುತ್ತದೆಯೇ?
ಬಸ್ತ್ಯಾಂವ ಸ್ಪ್ಯಾನರಿನಿಂದ ಬೆನ್ನು ಕೆರೆದುಕೊಂಡ.
"ಬರ್ತದೆ. ಫೋನಿನಲ್ಲಿ ಬಂದ ಹಾಗೆ."

ಹದಿನೈದು ದಿನ ಗಾಡಿ ತೆಗೆಯಲಿಲ್ಲ.
ಒಂದು ರಾತ್ರಿ ಕುಪ್ಪಸದ ತೋಳು ಏರಿಸಲಾಗದೆ
ಅರ್ಧ ತೊಟ್ಟು ಅರ್ಧ ಬಿಟ್ಟು ಮಂಚದ ಮೇಲೆ ಕೂತೆ.
ಲೆಕ್ಕ ಹಾಕಿದೆ, ನನಗೆ ಬರುವ ವಿದ್ಯೆ ಅದೊಂದೇ:
ಅಂಗಳದಲ್ಲಿ ನಿಂತ ಗಾಡಿಗೆ
ಯಾವ ರಸ್ತೆಯ ಸುದ್ದಿಯೂ ಬರುವುದಿಲ್ಲ.
ಬೆಳಿಗ್ಗೆ ಬಸ್ತ್ಯಾಂವನಿಗೆ ಹೇಳಿ ಕಳಿಸಿದೆ, ಕೂರಿಸು.

ಮೊದಲ ದಿನ ಅರ್ಗಾದ ಹತ್ತಿರ
ಹಳೆಯ ಜೋರಿನಲ್ಲೇ ಎಳೆದುಬಿಟ್ಟೆ.
ಗಾಡಿ ಹಾರಿ ಗೂಡಂಗಡಿಯ ಬಾಳೆಗೊನೆಗೆ ಮೂಗು ತಾಗಿಸಿತು.
ಆರು ಹಣ್ಣಿನ ದುಡ್ಡು ಕೊಟ್ಟೆ, ನಾಲ್ಕು ತಿಂದೆ.
ಇಷ್ಟು ವರ್ಷ ಎಷ್ಟು ಬಲ ಹಾಕುತ್ತಿದ್ದೆ ಅಂತ
ಆವತ್ತೇ ತಿಳಿದದ್ದು.

ಬಿಚ್ಚಿದ ಹಳೆಯ ರ್‍ಯಾಕು
ಈಗ ಅಡುಗೆಮನೆ ಬಾಗಿಲಿಗೆ ಆನಿಕೆ,
ಕಡಲಗಾಳಿಗೆ ಬಾಗಿಲು ಬಡಿಯದ ಹಾಗೆ.
ಅನ್ನ ಬೇಯುವ ತನಕ ಪಕ್ಕದಲ್ಲಿ ಕೂತು
ಎಡಗೈಯಲ್ಲಿ ಅದರ ಹಲ್ಲು ತಿರುಗಿಸಿ ನೋಡುತ್ತೇನೆ.
ಎರಡು ಬೆರಳು.
ಹಾಗೇ ಇದೆ.